ಆಕಾರ ಸರಿಯಿತು, ಬದಲಾಗಲಿಲ್ಲ

ಚೌಕುಳಿ ಹಾಳೆಯ ಮೇಲೆ ಒಂದು ತ್ರಿಭುಜವಿದೆ. ಅದರ ಮೂಲೆಗಳು (1, 1), (4, 1) ಮತ್ತು (1, 3). ‘ಇದನ್ನು 5 ಚೌಕ ಬಲಕ್ಕೆ, 2 ಚೌಕ ಮೇಲಕ್ಕೆ ಸರಿಸಿ ಬರೆಯಿರಿ’ ಎಂದು ಒಂಬತ್ತು-ಹತ್ತು ವರ್ಷದ ಮಕ್ಕಳಿಗೆ ಹೇಳಿ ನೋಡಿ. ಕೆಲವರು ಹೊಸ ತ್ರಿಭುಜದ ಎಡಮೂಲೆಯನ್ನು 9ರ ಗೆರೆಯ ಮೇಲೆ ಇಡುತ್ತಾರೆ. ಹಳೆಯ ತ್ರಿಭುಜದ ಬಲತುದಿ 4ರಲ್ಲಿದೆ. ಅಲ್ಲಿಂದ ಐದು ಚೌಕ ಖಾಲಿ ಬಿಟ್ಟು ಹೊಸದನ್ನು ಶುರುಮಾಡಿದ್ದಾರೆ. ಅವರು ಎಣಿಸಿದ್ದು ಎರಡು ಆಕಾರಗಳ ನಡುವಿನ ಜಾಗವನ್ನು, ಆಕಾರ ಸರಿದ ದೂರವನ್ನಲ್ಲ. ಎಡಮೂಲೆ 1ರಿಂದ 9ಕ್ಕೆ ಹೋಯಿತೆಂದರೆ ತ್ರಿಭುಜ ಸರಿದದ್ದು 8 ಚೌಕ. ಹೆಚ್ಚಾದ 3 ಚೌಕ ತ್ರಿಭುಜದ ಸ್ವಂತ ಅಗಲ.

ಈ ತಪ್ಪು ಅಜಾಗರೂಕತೆಯದಲ್ಲ. ‘ಐದು ಚೌಕ ಆಚೆಗೆ’ ಎಂದರೆ ನಡುವೆ ಐದು ಚೌಕ ಇರಬೇಕು ಎಂದುಕೊಳ್ಳುವುದು ಮಗುವಿಗೆ ಸಹಜ. ಅದನ್ನು ಕೆಂಪು ಮಸಿಯಲ್ಲಿ ಹೊಡೆದುಹಾಕಿದರೆ ಮಗು ಕಲಿಯುವುದು ಏನೂ ಇಲ್ಲ.

ಒಂದು ಆಕಾರದ ಪ್ರತಿಯೊಂದು ಬಿಂದುವೂ ಒಂದೇ ದಿಕ್ಕಿಗೆ, ಒಂದೇ ದೂರ ಸರಿಯುವುದನ್ನು ಗಣಿತದಲ್ಲಿ ಸ್ಥಾನಾಂತರ ಎನ್ನುತ್ತಾರೆ. ನಮ್ಮ ತ್ರಿಭುಜದ ಹೊಸ ಮೂಲೆಗಳು (6, 3), (9, 3) ಮತ್ತು (6, 5). ಹಳೆಯ ಮೂಲೆಯಿಂದ ಅದರದೇ ಹೊಸ ಮೂಲೆಗೆ ಗೆರೆ ಎಳೆದರೆ ಮೂರೂ ಗೆರೆಗಳು ಸಮಾನ ಉದ್ದದವು, ಪರಸ್ಪರ ಸಮಾಂತರ. ಬಾಹುಗಳ ಉದ್ದ, ಕೋನಗಳ ಅಳತೆ, ಆಕಾರ ನಿಂತಿರುವ ಭಂಗಿ ಯಾವುದೂ ಬದಲಾಗುವುದಿಲ್ಲ. ಬದಲಾಗುವುದು ಜಾಗ ಮಾತ್ರ.

ಇಂಗ್ಲೆಂಡಿನಲ್ಲಿ 2014ರಿಂದ ಜಾರಿಯಲ್ಲಿರುವ ರಾಷ್ಟ್ರೀಯ ಪಠ್ಯಕ್ರಮ ಈ ಪಾಠವನ್ನು ಪ್ರಾಥಮಿಕ ಹಂತದಲ್ಲೇ ಇಟ್ಟಿದೆ. ಎಂಟು-ಒಂಬತ್ತು ವರ್ಷದ ಮಕ್ಕಳು ಮೊದಲ ಚತುರ್ಥಕದಲ್ಲಿ, ಅಂದರೆ ಸೊನ್ನೆಯ ಗೆರೆಗಳ ಬಲಕ್ಕೆ ಮತ್ತು ಮೇಲಕ್ಕೆ ಇರುವ ಭಾಗದಲ್ಲಿ, ಬಿಂದುಗಳನ್ನು ಗುರುತಿಸಿ, ಎಡ-ಬಲ, ಮೇಲೆ-ಕೆಳಗೆ ಎಷ್ಟು ಸರಿಯಿತೆಂದು ಹೇಳಲು ಕಲಿಯುತ್ತಾರೆ. ಮುಂದಿನ ವರ್ಷ ಇಡೀ ಆಕಾರವನ್ನು ಸರಿಸುತ್ತಾರೆ. ಸರಿದ ಮೇಲೂ ಆಕಾರ ಬದಲಾಗಿಲ್ಲ ಎಂಬುದು ಮಗುವಿಗೆ ತಿಳಿದಿರಬೇಕೆಂದು ಪಠ್ಯಕ್ರಮವೇ ಹೇಳುತ್ತದೆ. ಹತ್ತು-ಹನ್ನೊಂದನೇ ವಯಸ್ಸಿಗೆ ನಾಲ್ಕೂ ಚತುರ್ಥಕಗಳು ಬರುತ್ತವೆ, ಜೊತೆಗೆ ಋಣ ಸಂಖ್ಯೆಗಳೂ. ಅದೇ ತ್ರಿಭುಜವನ್ನು 5 ಚೌಕ ಎಡಕ್ಕೆ ತಳ್ಳಿದರೆ ಮೂಲೆಗಳು (-4, 1), (-1, 1), (-4, 3) ಆಗುತ್ತವೆ. ಇಲ್ಲಿ ಸೊನ್ನೆಯ ಗೆರೆಯನ್ನು ಎಣಿಸದೆ 1ರಿಂದ ನೇರವಾಗಿ -1ಕ್ಕೆ ಹಾರುವ ಮಕ್ಕಳಿರುತ್ತಾರೆ.

(1, 1)ರಂಥ ಜೋಡಿ ಸಂಖ್ಯೆಗಳನ್ನು, ಅಂದರೆ ನಿರ್ದೇಶಾಂಕಗಳನ್ನು, ಪರಿಚಯಿಸುವಾಗ ಚದುರಂಗದ ಮಣೆ, ಸಿನಿಮಾ ಮಂದಿರದ ಆಸನಗಳ ಉದಾಹರಣೆ ಕೊಡುವುದು ರೂಢಿ. ಆದರೆ ಅಲ್ಲಿ ಹೆಸರಿರುವುದು ಮನೆಗೆ, ಆಸನಕ್ಕೆ. ಚೌಕುಳಿ ಹಾಳೆಯಲ್ಲಿ ಹೆಸರಿರುವುದು ಗೆರೆಗಳು ಕೂಡುವ ಬಿಂದುವಿಗೆ. ಈ ವ್ಯತ್ಯಾಸವನ್ನು ಬಿಡಿಸಿ ಹೇಳದಿದ್ದರೆ ಮಗು (3, 2) ಎಂಬ ಬಿಂದುವನ್ನು ಚೌಕದ ಹೊಟ್ಟೆಯೊಳಗೆ ಇಡುತ್ತದೆ. ನಮ್ಮ ಮಕ್ಕಳಿಗೆ ಚುಕ್ಕಿ ರಂಗೋಲಿ ಇದಕ್ಕಿಂತ ಒಳ್ಳೆಯ ಆರಂಭ. ಅಲ್ಲಿ ಚುಕ್ಕಿಯೇ ಸ್ಥಾನ. ಒಂದು ಎಳೆಯನ್ನು ಮೂರು ಚುಕ್ಕಿ ಪಕ್ಕಕ್ಕೆ ಹಾಕುವುದೆಂದರೆ ಏನೆಂದು ಕೈಗೆ ಮೊದಲೇ ಗೊತ್ತು.

ಪುಸ್ತಕ ತೆರೆಯುವ ಮೊದಲು ನೆಲದ ಮೇಲೆ ಆಡಿಸುವುದು ಇನ್ನೂ ಒಳ್ಳೆಯದು. ಟೈಲ್ಸ್ ಹಾಕಿದ ಜಗುಲಿ ಇದ್ದರೆ ಸಾಕು, ಇಲ್ಲದಿದ್ದರೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಬಹುದು. ತುದಿಗಳನ್ನು ಗಂಟುಹಾಕಿದ ಹಗ್ಗವನ್ನು ಮೂವರು ಮಕ್ಕಳು ಬಿಗಿಯಾಗಿ ಹಿಡಿದು ಗೆರೆಗಳು ಕೂಡುವ ಕಡೆ ನಿಲ್ಲಲಿ. ಎಲ್ಲರೂ ಒಂದೇ ದಿಕ್ಕಿಗೆ ಮುಖ ಮಾಡಿರಬೇಕು, ಇಲ್ಲದಿದ್ದರೆ ಒಬ್ಬರ ಬಲ ಇನ್ನೊಬ್ಬರ ಎಡವಾಗುತ್ತದೆ. ‘ಮೂರು ಬಲಕ್ಕೆ, ಎರಡು ಮುಂದಕ್ಕೆ’ ಎಂದಾಗ ಮೂವರೂ ಸರಿಯಾಗಿ ಎಣಿಸಿದರೆ ಹಗ್ಗ ಹಾಗೆಯೇ ಬಿಗಿಯಾಗಿ ನಿಲ್ಲುತ್ತದೆ. ಒಬ್ಬರು ತಪ್ಪಿದರೆ ಹಗ್ಗ ಒಂದೋ ಜಗ್ಗುತ್ತದೆ, ಇಲ್ಲವೇ ಸಡಿಲವಾಗುತ್ತದೆ. ನಿಂತ ಗೆರೆಯನ್ನೇ ‘ಒಂದು’ ಎಂದು ಎಣಿಸಿದ ಮಗು ಅಲ್ಲೇ ಸಿಕ್ಕಿಬೀಳುತ್ತದೆ. ತಪ್ಪಾಗಿದೆ ಎಂದು ಮೇಷ್ಟ್ರು ಹೇಳಬೇಕಾಗಿಲ್ಲ.

ಆಮೇಲೆ ಹಾಳೆಗೆ ಬರಬೇಕು. ರಟ್ಟಿನಲ್ಲಿ ತ್ರಿಭುಜ ಕತ್ತರಿಸಿ, ಒಂದು ಮೂಲೆಗೆ ಬಣ್ಣ ಹಚ್ಚಿ, ತಿರುಗಿಸದೆ ಜಾರಿಸಲು ಹೇಳಬೇಕು. ಎಣಿಸುವುದು ಬಣ್ಣದ ಮೂಲೆಯಿಂದ ಅದೇ ಬಣ್ಣದ ಮೂಲೆಗೆ. ನಡುವಿನ ಜಾಗ ಎಣಿಸುವ ತಪ್ಪು ಇಲ್ಲಿ ಕಳಚಿಕೊಳ್ಳುತ್ತದೆ. ಒಂದು ಮೂಲೆ ಸರಿಯಾಗಿ ಕೂತರೆ ಉಳಿದವು ಎಲ್ಲಿರಬೇಕೆಂಬುದನ್ನು ಆಕಾರವೇ ಹೇಳುತ್ತದೆ.

ಇಷ್ಟಾದ ಮೇಲೆ ಸಂಖ್ಯೆಗಳನ್ನು ಪಟ್ಟಿಮಾಡಿಸಿದರೆ, ಮೊದಲ ಸಂಖ್ಯೆಗೆ 5, ಎರಡನೆಯದಕ್ಕೆ 2 ಸೇರುತ್ತಿದೆ ಎಂಬುದನ್ನು ಮಕ್ಕಳೇ ಕಂಡುಹಿಡಿಯುತ್ತಾರೆ. ರೆನೆ ಡೆಕಾರ್ಟ್ 1637ರಲ್ಲಿ ಪ್ರಕಟಿಸಿದ ಜ್ಯಾಮಿತಿ ಗ್ರಂಥದಿಂದ ಬೆಳೆದು ಬಂದ ದೊಡ್ಡ ವಿಚಾರ ಇದು: ಚಿತ್ರದ ಮೇಲೆ ಮಾಡುವ ಕೆಲಸವನ್ನು ಸಂಖ್ಯೆಗಳ ಮೇಲೆ ಮಾಡಬಹುದು. ಎಂಐಟಿ ಮೀಡಿಯಾ ಲ್ಯಾಬ್ ಮಕ್ಕಳಿಗಾಗಿ ರೂಪಿಸಿದ ಸ್ಕ್ರ್ಯಾಚ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬೆಕ್ಕನ್ನು ಪಕ್ಕಕ್ಕೆ ಓಡಿಸಲು ಅದರ ಎಕ್ಸ್ ನಿರ್ದೇಶಾಂಕಕ್ಕೆ 10 ಕೂಡಿಸಿದರೆ ಆಯಿತು. ನಮ್ಮ ಪ್ರೌಢಶಾಲೆಯ ನಿರ್ದೇಶಾಂಕ ರೇಖಾಗಣಿತ, ಪಿಯುಸಿಯ ಸದಿಶಗಳು ಇದೇ ತಳಹದಿಯ ಮೇಲೆ ನಿಂತಿವೆ. ಸೂತ್ರವನ್ನು ಮೊದಲ ದಿನವೇ ಹಲಗೆಯ ಮೇಲೆ ಬರೆದುಬಿಟ್ಟರೆ ಉತ್ತರ ಬರುತ್ತದೆ, ಆದರೆ ಆಕಾರ ಸರಿಯುವುದನ್ನು ಮಗು ಕಂಡಿರುವುದಿಲ್ಲ.

ಪಾಲಕರಲ್ಲಿ, ಶಿಕ್ಷಕರಲ್ಲಿ ಒಂದು ಕೋರಿಕೆ. ಮಗುವಿನ ತ್ರಿಭುಜ ಎಲ್ಲೋ ದೂರ ಹೋಗಿ ಕೂತಿದ್ದರೆ ತಪ್ಪು ಗುರುತು ಹಾಕುವ ಮೊದಲು ‘ಯಾವ ಮೂಲೆಯಿಂದ ಯಾವ ಮೂಲೆಗೆ ಎಣಿಸಿದೆ, ತೋರಿಸು’ ಎಂದು ಕೇಳಿ. ಬೆರಳಿಟ್ಟು ತೋರಿಸುವಾಗ ಬಹಳಷ್ಟು ಮಕ್ಕಳು ತಾವೇ ತಿದ್ದಿಕೊಳ್ಳುತ್ತಾರೆ, ಹಾಗೆ ತಿದ್ದಿಕೊಂಡದ್ದು ಮರೆಯುವುದಿಲ್ಲ.