ಡಾಕ್ಟ್ರೇ, ಮನೆ ಎಲ್ಲಿ ಅಂತಲೂ ಕೇಳಿ

ಬೆಂಗಳೂರಿನ ಮಗನಿಗೆ ಊರಿನಿಂದ ಫೋನ್ ಮಾಡುವ ಉಮ್ಮನ ಮೊದಲ ಪ್ರಶ್ನೆ, ‘ಊಟ ಆಯ್ತಾ?’ ಎರಡನೆಯದು, ‘ಆ ಕೆಮ್ಮು ಕಡಿಮೆ ಆಯ್ತಾ?’ ಮಂಗಳೂರು, ಬಂಟ್ವಾಳ, ಉಪ್ಪಿನಂಗಡಿ ಕಡೆಯಿಂದ ಬಂದು ಶಿವಾಜಿನಗರ, ಹಲಸೂರು, ಕೆ.ಆರ್.ಪುರದಲ್ಲಿ ಹೋಟೆಲ್, ಅಂಗಡಿ, ಕಂಪೆನಿ ಅಂತ ದುಡಿಯುವ ನಮ್ಮವರ ಮನೆಗಳಲ್ಲಿ ಈ ಮಾತು ಹೊಸತಲ್ಲ. ಕ್ಲಿನಿಕ್‌ಗೆ ಹೋಗುತ್ತೇವೆ, ಸಿರಪ್ ತರುತ್ತೇವೆ. ಎರಡು ವಾರ ಕಳೆದರೆ ಮತ್ತೆ ಅದೇ ಕೆಮ್ಮು. ಪೆರ್ನಾಲಿಗೆ ಊರಿಗೆ ಹೋಗಿ ಹತ್ತು ದಿನ ಇದ್ದರೆ ತಾನಾಗಿಯೇ ಇಳಿಯುತ್ತದೆ. ಹಾಗಾದರೆ ಮದ್ದು ಬೇಕಾದದ್ದು ಎದೆಗೆ ಮಾತ್ರವೇ?

ಈ ಪ್ರಶ್ನೆಯನ್ನು ನಮ್ಮ ಗಡಿಯಲ್ಲೇ ಒಬ್ಬ ಹಳ್ಳಿ ವೈದ್ಯರು ಕೇಳಿದ್ದರು. ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತ್‌ನ ಪಡ್ರೆಯಲ್ಲಿ ಡಾ. ವೈ.ಎಸ್. ಮೋಹನ ಕುಮಾರ್ ಅವರ ಬಳಿಗೆ ಒಂದೇ ಆಸುಪಾಸಿನ ಮನೆಗಳಿಂದ ಬುದ್ಧಿಮಾಂದ್ಯ ಮಕ್ಕಳು, ಅಂಗವೈಕಲ್ಯದವರು, ಕ್ಯಾನ್ಸರ್ ರೋಗಿಗಳು ಬರುತ್ತಿದ್ದರು. ಅವರು ಬರೀ ಚೀಟಿ ಬರೆದು ಕೈತೊಳೆದುಕೊಳ್ಳಲಿಲ್ಲ. ಯಾವ ಮನೆ, ಯಾವ ತೋಡಿನ ನೀರು ಎಂದು ವಿಚಾರಿಸಿ ಲೆಕ್ಕ ಇಟ್ಟರು, ಬರೆದರು. ಪತ್ರಕರ್ತ ಶ್ರೀ ಪಡ್ರೆ ಅದನ್ನು ಹೊರಲೋಕಕ್ಕೆ ತಿಳಿಸಿದರು. ಸರಕಾರಿ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್‌ನಲ್ಲಿ ಸುರಿದ ಎಂಡೋಸಲ್ಫಾನ್‌ನತ್ತ ಎಲ್ಲರ ಬೆರಳು ತಿರುಗಿತು. ಈಚೆಯ ಕೊಕ್ಕಡ, ಪಟ್ರಮೆ, ನಿಡ್ಲೆಯ ಮನೆಗಳ ಕಥೆಯೂ ಅದೇ. 2011ರ ಮೇಯಲ್ಲಿ ಸುಪ್ರೀಂ ಕೋರ್ಟ್ ಈ ವಿಷವನ್ನು ದೇಶದಾದ್ಯಂತ ನಿಲ್ಲಿಸಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂ. ಕೊಡುವಂತೆ ಕೇರಳ ಸರಕಾರಕ್ಕೆ ಹೇಳಿತು. ಮೊದಲ ಹೆಜ್ಜೆ ಮಾತ್ರ ಒಂದು ಸಣ್ಣ ಕ್ಲಿನಿಕ್‌ನಲ್ಲಿ ಬಿದ್ದದ್ದು.

ಬೆಂಗಳೂರಿನ ಪೂರ್ವ ಭಾಗದಲ್ಲಿ ಹೆಲಿಕಾಪ್ಟರ್ ಇಲ್ಲ. ಆದರೆ ಇಲ್ಲಿಯೂ ಯಾರ ಕೊಳೆ ಯಾರ ಬಾಗಿಲಿಗೆ ಬರುತ್ತದೆ ಎಂಬ ಲೆಕ್ಕ ಇದೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದವು. ಒಳಚರಂಡಿ ನೀರು ಸೇರಿದಾಗ ಕೆರೆಯಲ್ಲಿ ಆಮ್ಲಜನಕ ಇಳಿಯುತ್ತದೆ, ಮೀನಿಗೆ ಉಸಿರು ಸಿಗುವುದಿಲ್ಲ. ಇದೇ ಕಣಿವೆಯ ನೀರು ಮುಂದೆ ಬೆಳ್ಳಂದೂರಿಗೆ ಹರಿಯುತ್ತದೆ. ಆ ಕೆರೆ 2015, 2017, 2018ರಲ್ಲಿ ಹೊತ್ತಿ ಉರಿದದ್ದನ್ನು ಟಿವಿಯಲ್ಲಿ ಎಲ್ಲರೂ ನೋಡಿದ್ದೇವೆ.

ಗಾಳಿಯದ್ದೂ ಹಾಗೆಯೇ. ಕೆ.ಆರ್.ಪುರದ ಟಿನ್ ಫ್ಯಾಕ್ಟರಿ ಜಂಕ್ಷನ್‌ನಲ್ಲಿ ಎಸಿ ಕಾರಿನ ಗಾಜು ಏರಿಸಿ ಕೂತವರೂ ಇದ್ದಾರೆ, ಡೆಲಿವರಿ ಹುಡುಗರು, ಆಟೊದವರು, ರಸ್ತೆ ಬದಿ ಅಂಗಡಿಯವರೂ ಇದ್ದಾರೆ. ಹೊಗೆ ಒಂದೇ, ಕುಡಿಯುವವರು ಬೇರೆ. ಪಿ.ಎಂ. 2.5 ಎಂಬ ಸಣ್ಣ ಧೂಳಿನ ವಾರ್ಷಿಕ ಸರಾಸರಿ ಒಂದು ಘನ ಮೀಟರ್ ಗಾಳಿಯಲ್ಲಿ 5 ಮೈಕ್ರೊಗ್ರಾಂ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ನಮ್ಮ ದೇಶದ ಮಿತಿ 40. ಈ ಧೂಳು ಶ್ವಾಸಕೋಶದ ಆಳಕ್ಕೆ ಇಳಿದು ರಕ್ತಕ್ಕೂ ಸೇರುತ್ತದೆ. ಕೆಮ್ಮು ಮಾತ್ರವಲ್ಲ, ಹೃದಯಾಘಾತಕ್ಕೂ ದಾರಿ ಮಾಡುತ್ತದೆ.

ನಮ್ಮ ಕಡೆಯದ್ದೂ ಹೇಳಬೇಕಲ್ಲ? ರಮಝಾನ್‌ನಲ್ಲಿ ಫ್ರೇಝರ್ ಟೌನ್‌ನ ಮಸೀದಿ ರಸ್ತೆಗೆ ಕಬಾಬ್ ತಿನ್ನಲು ಊರೆಲ್ಲ ಬರುತ್ತದೆ. ಇದ್ದಿಲ ಒಲೆಯೆದುರು ತಿಂಗಳಿಡೀ ನಿಲ್ಲುವ ಹುಡುಗನ ಎದೆಯನ್ನು ಯಾರೂ ನೋಡುವುದಿಲ್ಲ. ಹೋಟೆಲ್ ಇಟ್ಟವರು ಅಡುಗೆಮನೆಗೆ ಚಿಮಣಿ, ಎಕ್ಸಾಸ್ಟ್ ಫ್ಯಾನ್ ಹಾಕಿಸುವುದು ಉಪಕಾರವಲ್ಲ, ಕೆಲಸದವನ ಹಕ್ಕು. ಗುಜರಿ ಅಂಗಡಿಯಲ್ಲಿ ಹಳೆ ಬ್ಯಾಟರಿ ಒಡೆಯುವವರ ಬಟ್ಟೆಯಲ್ಲಿ ಸೀಸದ ಪುಡಿ ಮನೆಗೆ ಬಂದು ಮಕ್ಕಳ ಬುದ್ಧಿ ಬೆಳವಣಿಗೆಗೆ ಪೆಟ್ಟು ಕೊಡುತ್ತದೆ. ಸ್ನಾನ ಮಾಡಿ, ಬಟ್ಟೆ ಬದಲಿಸಿಯೇ ಮಗುವನ್ನು ಎತ್ತಿಕೊಳ್ಳಿ.

ನೀರಿನ ಬಣ್ಣ, ವಾಸನೆ, ರುಚಿ ಕೆಟ್ಟಿದೆಯೇ ಎಂದು ನೋಡುವುದನ್ನು ವುಝೂ ಪಾಠದಲ್ಲಿ ಮದ್ರಸದಲ್ಲೇ ಕಲಿತವರು ನಾವು. ಹಳೆ ಗಲ್ಲಿಗಳಲ್ಲಿ ಕುಡಿಯುವ ನೀರಿನ ಪೈಪು, ಚರಂಡಿ ಪೈಪು ಅಕ್ಕಪಕ್ಕ ಇರುತ್ತವೆ. ನೀರು ಬಿಡದ ಹೊತ್ತಿನಲ್ಲಿ ಒತ್ತಡ ಇಳಿದು ಬಿರುಕಿನಿಂದ ಕೊಳೆ ಒಳಗೆ ಸೇರುತ್ತದೆ. ವಾಸನೆ ಬಂದರೆ ಜಲಮಂಡಳಿಯ 1916ಕ್ಕೆ ದೂರು ಕೊಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ವಾಸನೆ ಇಲ್ಲದಿದ್ದರೂ ಕುದಿಸಿಯೇ ಕುಡಿಯಿರಿ. ಒಂದೇ ಗಲ್ಲಿಯ ನಾಲ್ಕು ಮನೆಯಲ್ಲಿ ಒಂದೇ ವಾರ ಭೇದಿಯಾದರೆ ನಾಲ್ವರೂ ಬೇರೆ ಬೇರೆ ಮಾತ್ರೆ ನುಂಗಿ ಸುಮ್ಮನಾಗಬೇಡಿ, ಆಶಾ ಕಾರ್ಯಕರ್ತೆಗೆ ತಿಳಿಸಿ.

ಇಂದು ನಮ್ಮ ಮನೆಗಳಲ್ಲೂ ಡಾಕ್ಟರ್‌ಗಳು, ನರ್ಸ್‌ಗಳು ಇದ್ದಾರೆ. ಅವರಲ್ಲಿ ನಮ್ಮದೊಂದು ವಿನಂತಿ. ಬಿ.ಪಿ. ನೋಡುವಾಗಲೇ ಐದು ಪ್ರಶ್ನೆ ಕೇಳಿ: ಮನೆ ಎಲ್ಲಿ? ಕೆಲಸ ಏನು? ನೀರು ಎಲ್ಲಿಂದ? ಅಡುಗೆ ಯಾವುದರಲ್ಲಿ? ಪಕ್ಕದ ಮನೆಯಲ್ಲೂ ಇದೇ ಕಾಯಿಲೆ ಇದೆಯೇ? ಉತ್ತರವನ್ನು ಚೀಟಿಯಲ್ಲಿ ಬರೆಯಿರಿ. ರೋಗಿ ಮಾತನಾಡಿದರೆ ದೂರು ಎನ್ನುತ್ತಾರೆ, ವೈದ್ಯರು ಬರೆದರೆ ದಾಖಲೆ ಎನ್ನುತ್ತಾರೆ.

ಕ್ಯೂ ಉದ್ದ ಇರುತ್ತದೆ, ಡಾಕ್ಟರ್‌ಗೆ ಪುರುಸೊತ್ತು ಇರುವುದಿಲ್ಲ, ಗೊತ್ತು. ಅವರು ಕೇಳದಿದ್ದರೆ ನಾವೇ ಹೇಳೋಣ. ‘ಡಾಕ್ಟ್ರೇ, ಮನೆ ರಾಜಕಾಲುವೆ ಪಕ್ಕ. ಕೆಲಸ ಒಲೆ ಮುಂದೆ. ಊರಿಗೆ ಹೋದರೆ ಕೆಮ್ಮು ಇರುವುದಿಲ್ಲ.’ ಇಷ್ಟು ಹೇಳಲು ಅರ್ಧ ನಿಮಿಷ ಸಾಕು.