ಯುರೋಪಿನ ಬಿಸಿಲು, ಹಿರಿಯರ ಬಾಗಿಲು



ಸೊಲ್ಲಾಪುರ, ಅಕ್ಕಲಕೋಟೆಯ ಕಡೆ ಅಂಗಡಿ ಇಟ್ಟುಕೊಂಡಿರುವ ನಮಗೆ ಮೇ ತಿಂಗಳ 42 ಡಿಗ್ರಿ ಬಿಸಿಲು ಹೊಸದಲ್ಲ. ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದು, ಗಡಿಗೆಯ ನೀರು ಕುಡಿದು ನೆರಳಲ್ಲಿ ಕೂಡುತ್ತೇವೆ. ಆದ್ದರಿಂದ ಯುರೋಪಿನಲ್ಲಿ 40 ಡಿಗ್ರಿಗೆ ಸಾವಿರಾರು ಜನ ಸತ್ತರೆಂದು ಕೇಳಿದಾಗ, "ಇಷ್ಟಕ್ಕೇ ಸತ್ತರೇ?" ಎನ್ನುವವರುಂಟು. ನಾವೂ ಹಾಗೆಯೇ ಅಂದವರು. ವಿವರ ತಿಳಿದ ಮೇಲೆ ಆ ಮಾತು ಆಡಬಾರದಿತ್ತು ಎನಿಸಿತು.

ಮೊದಲು ಲೆಕ್ಕ ನೋಡೋಣ. ಇಂಗ್ಲೆಂಡಿನ ಮಧ್ಯಭಾಗದ ಉಷ್ಣತೆಯ ಲೆಕ್ಕ 1659ರಿಂದ ತಿಂಗಳುವಾರು ಉಳಿದು ಬಂದಿದೆ. ಉಪಕರಣದಿಂದ ಅಳೆದ ಇಷ್ಟು ದೀರ್ಘವಾದ ದಾಖಲೆ ಜಗತ್ತಿನಲ್ಲಿ ಇನ್ನೊಂದಿಲ್ಲ. ಫ್ರಾನ್ಸಿನ ಬೋನ್ ಎಂಬ ಊರಿನಲ್ಲಿ ದ್ರಾಕ್ಷಿ ಕೊಯ್ಲು ಯಾವ ದಿನ ಶುರುವಾಯಿತೆಂಬುದು 1354ರಿಂದಲೂ ತಿಳಿಯುತ್ತದೆ. ಹೇಗೆಂದರೆ, ಕೊಯ್ಯುವ ಆಳುಗಳಿಗೆ ಕೂಲಿ ಕೊಟ್ಟ ಕಿರ್ದಿ, ಊರ ಸಭೆಯ ನಡಾವಳಿ ಇವುಗಳಿಂದ. ಬಿಸಿಲು ಹೆಚ್ಚಾದ ವರ್ಷ ಹಣ್ಣು ಬೇಗ ಮಾಗುತ್ತದೆ. ಆರು ಶತಮಾನಗಳಿಗೂ ಮೀರಿ, 1987ರ ವರೆಗೆ, ಕೊಯ್ಲು ಸರಾಸರಿ ಸೆಪ್ಟೆಂಬರ್ 28ಕ್ಕೆ ಶುರುವಾಗುತ್ತಿತ್ತು. 1988ರಿಂದ 2018ರ ವರೆಗಿನ ಸರಾಸರಿ ಅದಕ್ಕಿಂತ 13 ದಿನ ಮುಂಚೆ. ಕೂಲಿ ಬರೆದಿಟ್ಟ ಗುಮಾಸ್ತನಿಗೆ ಹವಾಮಾನದ ಚಿಂತೆ ಇರಲಿಲ್ಲ. ಆದರೂ ಪ್ರಾಮಾಣಿಕವಾಗಿ ಬರೆದ ಲೆಕ್ಕ ಎಂದಾದರೊಂದು ದಿನ ಸಾಕ್ಷಿ ಹೇಳುತ್ತದೆ.

ಇತ್ತೀಚಿನ ಅಂಕಿಗಳೂ ಹಾಗೆಯೇ ಇವೆ. 2019ರ ಜೂನ್ 28ರಂದು ದಕ್ಷಿಣ ಫ್ರಾನ್ಸಿನ ವೆರಾರ್ಗ್‌ನಲ್ಲಿ 46 ಡಿಗ್ರಿ. ಅದೇ ವರ್ಷ ಜುಲೈ 25ರಂದು ಪ್ಯಾರಿಸ್‌ನಲ್ಲಿ 42.6, ಅಲ್ಲಿಯ ಹಿಂದಿನ ದಾಖಲೆ 1947ರ 40.4. ಇಂಗ್ಲೆಂಡಿನ ಕೊನಿಂಗ್ಸ್‌ಬಿಯಲ್ಲಿ 2022ರ ಜುಲೈ 19ರಂದು 40.3. ಆ ದೇಶ 40 ಡಿಗ್ರಿ ಕಂಡದ್ದು ಅದೇ ಮೊದಲು. ಅಂದು ಲಂಡನ್ನಿನ ಅಂಚಿನ ವೆನಿಂಗ್ಟನ್ ಗ್ರಾಮದಲ್ಲಿ ಒಣಹುಲ್ಲಿಗೆ ಹತ್ತಿದ ಬೆಂಕಿ ಮನೆಗಳನ್ನೇ ಸುಟ್ಟಿತು. ಇವೆಲ್ಲ ನೆರಳಿನಲ್ಲಿ, ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ ಅಳೆದ ಅಂಕಿಗಳು ಎಂಬುದನ್ನು ಗಮನಿಸಬೇಕು.

ಹಾಗಾದರೆ ಜನ ಸಾಯುವುದೇಕೆ? ಅಲ್ಲಿಯ ಮನೆಗಳನ್ನು ಚಳಿಗಾಗಿ ಕಟ್ಟಿದ್ದಾರೆ. ಒಳಗೆ ಹೊಕ್ಕ ಶಾಖ ಹೊರಗೆ ಹೋಗುವುದಿಲ್ಲ. ಪ್ಯಾರಿಸ್‌ನ ಹಳೆಯ ಕಟ್ಟಡಗಳಿಗೆ ಸತುವಿನ ತಗಡಿನ ಮಾಡು. ಅದರ ಕೆಳಗಿನ ಕೋಣೆ ಕಾದ ಹಂಚಿನಂತೆ. ಫ್ಯಾನು ಕೂಡ ಇಲ್ಲದ ಮನೆಗಳೆಷ್ಟೋ. ರಾತ್ರಿಯೂ ತಂಪಾಗದಿದ್ದರೆ ಮುದುಕರ ದೇಹ ಚೇತರಿಸಿಕೊಳ್ಳುವುದಿಲ್ಲ. ವಯಸ್ಸಾದಂತೆ ಬಾಯಾರಿಕೆಯೂ ಸರಿಯಾಗಿ ತಿಳಿಯುವುದಿಲ್ಲ.

2003ರ ಆಗಸ್ಟ್‌ನಲ್ಲಿ ನಡೆದದ್ದು ಇದೇ. ಫ್ರಾನ್ಸ್ ಒಂದರಲ್ಲೇ ಸುಮಾರು 15,000 ಜನ ತೀರಿಕೊಂಡರು; ಹೆಚ್ಚಿನವರು 75 ದಾಟಿದವರು. ಆಗಸ್ಟ್ ಎಂದರೆ ಅಲ್ಲಿ ರಜೆಯ ತಿಂಗಳು. ಮಕ್ಕಳು ಸಮುದ್ರತೀರಕ್ಕೆ, ನೆರೆಯವರು ಊರಿಗೆ, ವೈದ್ಯರಲ್ಲೂ ಅನೇಕರು ರಜೆಯ ಮೇಲೆ. ಮುದುಕರು ಮಾತ್ರ ಮುಚ್ಚಿದ ಬಾಗಿಲ ಹಿಂದೆ. ಕೊನೆಗೆ ಪ್ಯಾರಿಸ್‌ನಲ್ಲಿ 57 ಶವಗಳನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಸೆಪ್ಟೆಂಬರ್ 3ರಂದು ಥಿಯೆ ಎಂಬಲ್ಲಿ ಸರಕಾರವೇ ಅವರನ್ನು ಮಣ್ಣು ಮಾಡಿತು. ರಾಷ್ಟ್ರಾಧ್ಯಕ್ಷ ಜಾಕ್ ಶಿರಾಕ್ ಬಂದು ನಿಂತರು.

ಆ ದೇಶ ಪಾಠ ಕಲಿಯಿತು. 2004ರಿಂದ ಪ್ರತಿ ಊರಿನ ಮೇಯರ್ ಕಚೇರಿಯಲ್ಲಿ ಒಂಟಿ ವೃದ್ಧರು ಹೆಸರು ಬರೆಸಲು ವಹಿ ಇಟ್ಟರು. ಉಷ್ಣ ಅಲೆಯ ಎಚ್ಚರಿಕೆ ಬಂದಾಗ ಅವರಿಗೆ ಫೋನು ಮಾಡಿ ವಿಚಾರಿಸುತ್ತಾರೆ. ವೃದ್ಧಾಶ್ರಮಗಳಲ್ಲಿ ಒಂದು ತಂಪು ಕೋಣೆ ಕಡ್ಡಾಯವಾಯಿತು. 2006ರ ಜುಲೈನಲ್ಲಿ ಮತ್ತೆ ಬಿಸಿಲು ಬಂದಾಗ ಸುಮಾರು 2,000 ಜನ ಸತ್ತರು. ಆದರೆ ಹಿಂದಿನ ಅನುಭವದಿಂದ ಲೆಕ್ಕ ಹಾಕಿದ್ದಕ್ಕಿಂತ ಅದು ಸುಮಾರು 4,000 ಕಡಿಮೆ. ಔಷಧದಷ್ಟೇ ಒಂದು ವಿಚಾರಣೆಯ ಮಾತೂ ಜೀವ ಉಳಿಸುತ್ತದೆ ಎಂದು ಇದರಿಂದ ತಿಳಿಯುತ್ತದೆ. ಆದರೂ ಅಪಾಯ ಮುಗಿದಿಲ್ಲ. 2022ರ ಬೇಸಿಗೆಯಲ್ಲಿ ಯುರೋಪಿನಾದ್ಯಂತ 60,000ಕ್ಕೂ ಹೆಚ್ಚು ಜನ ಬಿಸಿಲಿಗೆ ಬಲಿಯಾದರೆಂದು ತಜ್ಞರ ಅಂದಾಜು. ಕಲ್ಲಿದ್ದಲು, ಎಣ್ಣೆಗಳ ಹೊಗೆಯಿಂದ ಭೂಮಿ ಕಾಯುತ್ತಿದೆ. ಯುರೋಪು ಜಗತ್ತಿನ ಸರಾಸರಿಯ ಸುಮಾರು ಇಮ್ಮಡಿ ವೇಗದಲ್ಲಿ ಕಾಯುತ್ತಿದೆ.

ನಮಗೂ ಅರವತ್ತು ದಾಟಿದೆ. ನಮ್ಮ ವ್ಯಾಪಾರಸ್ಥ ಮನೆಗಳಲ್ಲೂ ಮಕ್ಕಳು ಪುಣೆ, ಬೆಂಗಳೂರು ಸೇರಿ, ಹಳೆಯ ವಾಡೆಯಲ್ಲಿ ಅಜ್ಜ-ಅಜ್ಜಿ ಇಬ್ಬರೇ, ಕೆಲವೆಡೆ ಒಬ್ಬರೇ, ಉಳಿದಿದ್ದಾರೆ. ಬಿಸಿಲು ನಮಗೆ ರೂಢಿ ಎಂಬ ಧೈರ್ಯ ಒಂಟಿತನದ ಮುಂದೆ ನಡೆಯದು. ಬರುವ ಬೇಸಿಗೆಯಲ್ಲಿ ಅಂಗಡಿ ಮುಚ್ಚಿ ಮನೆಗೆ ಹೋಗುವಾಗ ಓಣಿಯ ಅಂಥ ಒಂದು ಬಾಗಿಲು ತಟ್ಟಿ, "ಕಾಕಾ, ನೀರು ಕುಡಿದಿರಾ?" ಎಂದು ಕೇಳಿ ಹೋಗೋಣ.