ಸಾಗೋ ಪಾಮ್ ಪಾಮೇ ಅಲ್ಲ: ಮನೆ ತೋಟದಲ್ಲಿ ಪಾಮ್ ಮತ್ತು ಸೈಕಾಡ್

ಮುಂಬೈ ಇರಲಿ, ದೆಹಲಿ ಇರಲಿ, ನರ್ಸರಿಗೆ ಹೋದರೆ ಮೂರು ಗಿಡ ಸಾಮಾನ್ಯವಾಗಿ ಕಣ್ಣಿಗೆ ಬೀಳುತ್ತವೆ: ಅರೆಕಾ ಪಾಮ್, ಫಿಶ್‌ಟೇಲ್ ಪಾಮ್, ಸಾಗೋ ಪಾಮ್. ಹೆಸರು ಕೇಳಿದರೆ ಮೂರೂ ಒಂದೇ ಕುಟುಂಬದವು ಅನ್ಸತ್ತೆ. ಆದರೆ ಸಾಗೋ ಪಾಮ್ ಅನ್ನೋದು ಪಾಮ್ ಅಲ್ಲ, ಅದು ಸೈಕಾಡ್. ಈ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಗಿಡ ಹಾಳಾಗತ್ತೆ. ಮನೆಯಲ್ಲಿ ಚಿಕ್ಕ ಮಗುವೋ ನಾಯಿಯೋ ಇದ್ದರೆ ಅವರ ಜೀವಕ್ಕೂ ಅಪಾಯ.

ಮೊದಲು ಪಾಮ್ ನೋಡೋಣ. ತೆಂಗು, ಅಡಿಕೆ, ಈಚಲು ಎಲ್ಲ ಇದೇ ಕುಟುಂಬ. ನರ್ಸರಿಯ ಅರೆಕಾ ಪಾಮ್ ನಮ್ಮ ಅಡಿಕೆ ಅಲ್ಲ, ಅದರ ಮೂಲ ಮಡಗಾಸ್ಕರ್. ಫಿಶ್‌ಟೇಲ್ ಮಾತ್ರ ನಮ್ಮ ಮಲೆನಾಡಿನ ಬಗನಿ ಮರದ ಕುಲದ್ದು. ಪಾಮ್‌ನ ಜೀವ ಇರೋದು ಸುಳಿಯಲ್ಲಿ. ಒಂದು ಕಾಂಡಕ್ಕೆ ಒಂದೇ ಸುಳಿ. ಅದು ಕೊಳೆತರೆ ಅಥವಾ ಕತ್ತರಿಸಿದರೆ ಆ ಕಾಂಡ ಮತ್ತೆ ಚಿಗುರಲ್ಲ. ನಮ್ಮ ಐಟಿ ಭಾಷೆಯಲ್ಲಿ ಇದು ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್. ಅರೆಕಾ ಪಾಮ್ ಬುಡದಿಂದ ಹಲವು ಕಾಂಡ ಬಿಡೋದರಿಂದ ಒಂದು ಹೋದರೂ ಗಿಡ ಉಳಿಯತ್ತೆ, ಹಾಗಾಗಿ ಹೊಸಬರಿಗೆ ಇದೇ ಒಳ್ಳೇದು.

ಪಾಮ್‌ಗೆ ಮಣ್ಣು ಹಸಿಯಾಗಿರಬೇಕು, ಆದರೆ ನೀರು ನಿಲ್ಲಬಾರದು. ಕೆಳಗಿನ ಎಲೆ ಸ್ವಲ್ಪ ಹಳದಿ ಆಯ್ತು ಅಂತ ತಕ್ಷಣ ಕತ್ತರಿಸಬೇಡಿ. ಪೊಟ್ಯಾಷಿಯಂ ಕಡಿಮೆ ಆದಾಗ ಗಿಡ ಅದನ್ನು ಹಳೇ ಎಲೆಯಿಂದ ಹೀರಿ ಹೊಸ ಎಲೆಗೆ ಕಳಿಸತ್ತೆ. ಎಲೆ ಪೂರ್ತಿ ಒಣಗಿದ ಮೇಲೆ ತೆಗೆದರೆ ಸಾಕು. ಹೈದರಾಬಾದ್, ಚೆನ್ನೈನಲ್ಲಿ ಬೋರ್‌ವೆಲ್ ನೀರು ಹಾಕೋರು ಎಲೆ ತುದಿ ಕಂದು ಆಗೋದನ್ನು ನೋಡಿರ್ತೀರಿ. ನೀರಿನ ಉಪ್ಪು ಕುಂಡದಲ್ಲಿ ಸೇರಿಕೊಂಡರೆ ಹೀಗಾಗತ್ತೆ. ಮಳೆಗಾಲದಲ್ಲಿ ಕುಂಡವನ್ನು ಮಳೆಗೆ ಇಟ್ಟರೆ ಉಪ್ಪು ತೊಳೆದುಹೋಗತ್ತೆ. ದೆಹಲಿಯವರು ಚಳಿಗಾಲದಲ್ಲಿ ಅರೆಕಾವನ್ನು ಒಳಗಿಡಿ, ಅದು ಚಳಿ ತಡೆಯಲ್ಲ.

ಈಗ ಸೈಕಾಡ್. ಇದು ಹೂವೇ ಬಿಡದ, ಪೈನ್ ಮರದ ಹಾಗೆ ಅನಾವೃತಬೀಜ ಸಸ್ಯ. ಡೈನೋಸಾರ್‌ಗಳಿಗಿಂತ ಹಳೇ ವಂಶ. ನಾವು ಸಾಗೋ ಪಾಮ್ ಅನ್ನೋ ಸೈಕಾಸ್ ರೆವೊಲ್ಯೂಟಾ ದಕ್ಷಿಣ ಜಪಾನ್ ಕಡೆಯದು, ಆದ್ದರಿಂದ ದೆಹಲಿ ಚಳಿಯನ್ನೂ ತಡೆಯತ್ತೆ. ಇದರ ಬುಡದ ಗಡ್ಡೆ ಮಣ್ಣಿನ ಮೇಲಿರಲಿ. ಮಣ್ಣಿಗೆ ಅರ್ಧದಷ್ಟು ದಪ್ಪ ಮರಳು ಅಥವಾ ಇಟ್ಟಿಗೆ ಚೂರು ಸೇರಿಸಿ, ಮಣ್ಣು ಒಣಗಿದ ಮೇಲೆ ನೀರು ಕೊಡಿ. ಪಾಮ್‌ಗೆ ಕೊಟ್ಟಷ್ಟು ನೀರು ಕೊಟ್ಟರೆ ಗಡ್ಡೆ ಕೊಳೆಯತ್ತೆ.

ಮಣ್ಣಿನ ಮೇಲ್ಭಾಗದಲ್ಲಿ ಹವಳದ ಥರ ಗಂಟು ಗಂಟು ಬೇರು ಕಂಡರೆ ರೋಗ ಅಂದುಕೊಂಡು ಕತ್ತರಿಸಬೇಡಿ. ಅದರೊಳಗಿನ ಸೈನೋಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸತ್ತೆ. ಪಾಮ್ ಒಂದೊಂದೇ ಎಲೆ ಬಿಟ್ಟರೆ, ಸೈಕಾಸ್ ಒಂದು ಸುತ್ತು ಎಲೆ ಒಟ್ಟಿಗೆ ಬಿಡತ್ತೆ. ಆ ಎಳೆ ಎಲೆಗಳ ಮೇಲೆ ಪ್ಲೇನ್ಸ್ ಕ್ಯೂಪಿಡ್ ಅನ್ನೋ ಪುಟ್ಟ ನೀಲಿ ಚಿಟ್ಟೆ ಮೊಟ್ಟೆ ಇಡತ್ತೆ, ಹುಳುಗಳು ಇಡೀ ಸುತ್ತನ್ನೇ ತಿಂದುಬಿಡಬಹುದು. ಚಿಗುರಿನ ಮೇಲೆ ಇರುವೆ ಓಡಾಡ್ತಿದ್ದರೆ ಹುಳು ಇದೆಯಾ ನೋಡಿ. ಎಲೆ ಗಟ್ಟಿ ಆಗೋವರೆಗೂ ದಿನಾ ನೋಡಿ, ಹುಳು ಕಂಡರೆ ಪೈಪ್‌ನಿಂದ ನೀರು ಹೊಡೆದು ತೊಳೆಯಿರಿ.

ಇನ್ನು ಅಪಾಯದ ವಿಷಯ. ಸಾಗೋ ಅಂದ ಕೂಡಲೇ ಸಬ್ಬಕ್ಕಿ ನೆನಪಾಗತ್ತೆ. ನಮ್ಮ ಅಂಗಡಿಯ ಸಬ್ಬಕ್ಕಿ ಆಗೋದು ಮರಗೆಣಸಿನಿಂದ, ತಮಿಳುನಾಡಿನ ಸೇಲಂ ಅದಕ್ಕೆ ಹೆಸರುವಾಸಿ. ಈ ಗಿಡಕ್ಕೂ ಅದಕ್ಕೂ ಸಂಬಂಧ ಇಲ್ಲ. ಸೈಕಾಸ್‌ನ ಪ್ರತಿ ಭಾಗದಲ್ಲೂ ಸೈಕಾಸಿನ್ ಅನ್ನೋ ವಿಷ ಇದೆ, ಬೀಜದಲ್ಲಿ ಇನ್ನೂ ಹೆಚ್ಚು. ಒಂದೆರಡು ಬೀಜ ತಿಂದರೂ ನಾಯಿ ಸಾಯಬಹುದು. ಮೊದಲು ವಾಂತಿ, ಆಮೇಲೆ ಲಿವರ್ ಕೆಡತ್ತೆ. ಕೇರಳದಲ್ಲಿ ಈಂದ್ ಅನ್ನೋ ಸೈಕಾಸ್ ಬೀಜವನ್ನು ಒಣಗಿಸಿ, ಮತ್ತೆ ಮತ್ತೆ ನೀರು ಬದಲಿಸಿ ನೆನೆಸಿ ತಿನ್ನೋ ಪದ್ಧತಿ ಇದೆ. ಅದು ತಲೆಮಾರುಗಳ ಅನುಭವ, ಮನೆಯಲ್ಲಿ ಪ್ರಯೋಗ ಮಾಡಬೇಡಿ.

ಬೀಜ ಬರೋದು ಹೆಣ್ಣು ಗಿಡದಲ್ಲಿ ಮಾತ್ರ, ಅದೂ ಗಿಡಕ್ಕೆ ತುಂಬಾ ವರ್ಷ ಆದ ಮೇಲೆ. ಕಿತ್ತಳೆ ಬಣ್ಣದ ಬೀಜ ಕಂಡರೆ ಕೈಗವಸು ಹಾಕಿ ತೆಗೆದುಬಿಡಿ. ನಾಯಿಯೋ ಮಗುವೋ ಏನಾದರೂ ಬಾಯಿಗೆ ಹಾಕಿಕೊಂಡರೆ ವಾಂತಿ ಆಗಲಿ ಅಂತ ಕಾಯಬೇಡಿ. ಗಿಡದ ಫೋಟೋ ತೆಗೆದುಕೊಂಡು ತಕ್ಷಣ ಡಾಕ್ಟರ ಹತ್ತಿರ ಹೋಗಿ.

ಕೊಳ್ಳುವಾಗ ನರ್ಸರಿಯಲ್ಲೇ ಬೆಳೆಸಿದ ಗಿಡ, ಅಥವಾ ಗೆಳೆಯರ ಗಿಡದ ಬುಡದಲ್ಲಿ ಬಂದ ಮರಿ ತಗೊಳ್ಳಿ. ತಿರುಪತಿ ಸುತ್ತಲಿನ ಬೆಟ್ಟಗಳ ಸೈಕಾಸ್ ಬೆಡ್ಡೋಮಿ, ಪಶ್ಚಿಮ ಘಟ್ಟದ ಸೈಕಾಸ್ ಸರ್ಸಿನಾಲಿಸ್ ಎರಡೂ ಅಳಿವಿನ ಅಂಚಿನಲ್ಲಿವೆ. ಕಾಡಿಂದ ಕಿತ್ತು ತಂದದ್ದು ಅನ್ನೋ ಅನುಮಾನ ಬಂದರೆ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ.

ಮನೆಯಲ್ಲಿ ನಾಯಿ, ಬೆಕ್ಕು, ಚಿಕ್ಕ ಮಕ್ಕಳು ಇದ್ದರೆ ನನ್ನ ಸಲಹೆ ಇಷ್ಟೇ: ಸದ್ಯಕ್ಕೆ ಸೈಕಾಡ್ ಬಿಟ್ಟು ಅರೆಕಾ ಪಾಮ್ ಇಡಿ, ಅದು ಅವರಿಗೆ ವಿಷ ಅಲ್ಲ. ಮುಂದಿನ ವಿಡಿಯೋದಲ್ಲಿ ಸಿಗೋಣ.